ಮಾತಾಡ್ಸೋ ಮಂದಿ

ಏಡ್ಸ್ ಮುಗಿದ ಕಥೆ ಎಂದು ಗೆಳೆಯರು ತಿಳಿದಿದ್ದಾರೆ. ಸಭೆ ಮುಗಿದು ಚಹಾದ ಅಂಗಡಿ ಮುಂದೆ ನಿಂತಾಗ 'ಈಗೇನು ಮಾಡ್ಕೊಂಡಿದೀರಿ' ಅಂತ ಕೇಳುತ್ತಾರೆ. ಹೇಳಿದರೆ ಹುಬ್ಬೇರಿಸಿ 'ಅದು ಇನ್ನೂ ಐತೇನು?' ಅನ್ನುತ್ತಾರೆ. ಐತಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಟಂಟಂನಲ್ಲಿ ಮಲಗಿಸಿಕೊಂಡು, ಕೌದಿ ಹೊದಿಸಿ, ಇನ್ನೂ ತರುತ್ತಿದ್ದಾರೆ. ಬಂದವರಲ್ಲಿ ಹೆಚ್ಚಿನವರು ನಮ್ಮ ಕೇರಿಯವರು, ಇಲ್ಲವೆಂದರೆ ನಮ್ಮ ಕೇರಿಗೆ ಹತ್ತಿಕೊಂಡೇ ಬದುಕುವ ಬಡವರು.

ನಾವು ಅಂದರೆ ಬರೆಯುವ ಈ ಕೈ ಒಂದೇ ಅಲ್ಲ. ಮನೆತನದಲ್ಲಿ ಮೊದಲ ಸಲ ಡಿಗ್ರಿ ಕಂಡ, ಹಾಸ್ಟೆಲಿನ ಅನ್ನ ಉಂಡು ಕವಿತೆ ಬರೆಯುವುದನ್ನೂ ಸಿಟ್ಟಾಗುವುದನ್ನೂ ಒಟ್ಟಿಗೇ ಕಲಿತ ನಾಲ್ಕೈದು ಮಂದಿ. ಒಬ್ಬಾಕೆಗೆ ಗುತ್ತಿಗೆ ಕೆಲಸ ಇದೆ, ಉಳಿದವರು ವಾರಕ್ಕೆ ಮೂರು ದಿನ ಹೋಗಿ ವಾರ್ಡಿನಲ್ಲಿ ಕೂಡುತ್ತೇವೆ. ಬೋರ್ಡಿನ ಮೇಲೆ 'ಆಪ್ತ ಸಮಾಲೋಚನೆ' ಎಂದು ಬರೆದಿದೆ. ಈ ಶಬ್ದವನ್ನು ಯಾವ ಪಂಡಿತ ಹುಟ್ಟಿಸಿದನೋ, ನಮ್ಮ ರೋಗಿಗಳ ಪೈಕಿ ಒಬ್ಬರ ನಾಲಿಗೆಯ ಮೇಲೂ ಅದು ಹೊರಳುವುದಿಲ್ಲ. ಅವರು ನಮ್ಮನ್ನು 'ಮಾತಾಡ್ಸೋರು' ಅನ್ನುತ್ತಾರೆ. 'ಮಾತಾಡ್ಸೋರು ಬಂದ್ರ ನೋಡವ್ವಾ' ಎಂದು ಪಕ್ಕದ ಮಂಚದವರಿಗೆ ಹೇಳುತ್ತಾರೆ. ಬೇರೆ ಯಾರೂ ಮಾತಾಡಿಸುತ್ತಿಲ್ಲ ಎಂಬುದು ಆ ಹೆಸರಿನಲ್ಲೇ ಇದೆ.

ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಅದು ಕಾನೂನೂ ಹೌದು, ಮಾತು ಕೊಟ್ಟದ್ದೂ ಹೌದು.

ಈ ಜಡ್ಡಿನ ಚರಿತ್ರೆಯನ್ನು ಓದುವಾಗ ನಮಗೆ ಮೊದಲು ಕಣ್ಣಿಗೆ ಬಿದ್ದದ್ದು ಯಾರ ರಕ್ತ ಮೊದಲು ತೆಗೆದರು ಎಂಬುದು. 1986ರಲ್ಲಿ ಮದರಾಸಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಈ ದೇಶದಲ್ಲಿ ಎಚ್‌ಐವಿ ಇದೆಯೆಂದು ಪತ್ತೆ ಮಾಡಿದರು. ಆ ರಕ್ತ ಪೊಲೀಸರು ಹಿಡಿದು ತಂದು ಕೂಡಿಟ್ಟಿದ್ದ ಬಡ ಹೆಂಗಸರದು. ಆ ವೈದ್ಯರ ಕೆಲಸ ದೊಡ್ಡದು, ಅನುಮಾನವಿಲ್ಲ. ಆದರೆ ಆ ದಿನದಿಂದ ರೋಗದ ಮುಖ ಅಂದರೆ ಆ ಹೆಂಗಸರ ಮುಖ ಎಂದಾಯಿತು. ಗೋಡೆಗಳ ಮೇಲೆ ತಲೆಬುರುಡೆ ಬರೆದರು. ಸಾವು ಎಂದು ಬರೆದರು. ಮುಂದೆ ಗುಳಿಗೆ ಬಂದರೂ ಆ ಬುರುಡೆಯನ್ನು ಜನರ ತಲೆಯಿಂದ ಅಳಿಸಲು ಯಾರೂ ಸುಣ್ಣದ ಡಬ್ಬಿ ತರಲಿಲ್ಲ.

ಗುಳಿಗೆ ಬಂದದ್ದು ದೊಡ್ಡ ಮಾತು. 2004ರ ಏಪ್ರಿಲ್ 1ರಂದು ದೇಶದ ಎಂಟು ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಎಆರ್‌ಟಿ ಚಿಕಿತ್ಸೆ ಶುರುವಾಯಿತು. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ, ರಕ್ತದ ಎಣಿಕೆ ಎಷ್ಟೇ ಇರಲಿ, ತಡಮಾಡದೆ ಗುಳಿಗೆ ಕೊಡಬೇಕೆಂದಾಯಿತು. 2020ರ ನಂತರ ಹೆಚ್ಚಿನವರಿಗೆ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಗುಳಿಗೆ, ದಿನಕ್ಕೊಂದು. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಕಾಣಿಸದಷ್ಟು ಇಳಿಯುತ್ತದೆ, ಹಾಗೆ ಇಳಿದು ನಿಂತವರಿಂದ ಕೂಡುವಿಕೆಯಲ್ಲಿ ಸಂಗಾತಿಗೆ ದಾಟುವುದೂ ಇಲ್ಲ. ದೇಶದಲ್ಲಿ ಈ ಸೋಂಕಿನೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಅವರಲ್ಲಿ ಬಹಳ ಮಂದಿ ಹೊಲದಲ್ಲಿ, ಗಿರಣಿಯಲ್ಲಿ, ಶಾಲೆಯಲ್ಲಿ ನಿಮ್ಮ ನಮ್ಮ ಪಕ್ಕದಲ್ಲೇ ದುಡಿಯುತ್ತಿದ್ದಾರೆ, ನಮಗೆ ಗೊತ್ತಿಲ್ಲ ಅಷ್ಟೆ.

ಈ ಗುಳಿಗೆಯನ್ನೂ ಯಾರೂ ದಾನ ಕೊಡಲಿಲ್ಲ ಎಂಬುದನ್ನು ಹೋರಾಟದ ಗೆಳೆಯರು ನೆನಪಿಡಬೇಕು. ಅಮೆರಿಕ, ಯುರೋಪಿನ ಕಂಪನಿಗಳು ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿನ ಆಸುಪಾಸು ಬೆಲೆ ಕಟ್ಟಿದ್ದ ಕಾಲದಲ್ಲಿ, 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ 350 ಡಾಲರಿಗೆ ಕೊಡುತ್ತೇನೆ ಅಂದಿತು. ದಕ್ಷಿಣ ಆಫ್ರಿಕಾದಲ್ಲಿ ಜ಼ಾಕಿ ಅಚ್ಮಟ್ ಎಂಬ ಹೋರಾಟಗಾರ, ಸ್ವತಃ ಸೋಂಕಿತ, ಸರ್ಕಾರಿ ದವಾಖಾನೆಯಲ್ಲಿ ಬಡವರಿಗೆ ಸಿಗುವವರೆಗೆ ತಾನೂ ಗುಳಿಗೆ ಮುಟ್ಟುವುದಿಲ್ಲವೆಂದು ವರ್ಷಗಟ್ಟಲೆ ಕೂತ. ಜನ ಬೀದಿಗಿಳಿದರು, ಕೋರ್ಟಿಗೆ ಹೋದರು. ನಮ್ಮ ಕೇರಿಯ ಮುದುಕಿಯ ಕೈಗೆ ಬರುವ ಡಬ್ಬಿಯಲ್ಲಿ ಆ ಬೀದಿಯ ಧೂಳೂ ಇದೆ.

ಹಾಗಾದರೆ ಮತ್ತೆ ಯಾಕೆ ಟಂಟಂನಲ್ಲಿ ಮಲಗಿಸಿಕೊಂಡು ಬರುತ್ತಾರೆ?

ಬರುವವರು ರೋಗದ ಹೆಸರು ಹೇಳುವುದಿಲ್ಲ. 'ರೊಟ್ಟಿ ನುಂಗಾಕ ಬರವಲ್ದು' ಅನ್ನುತ್ತಾರೆ. ಇದು ನಮ್ಮ ಸೀಮೆಯ ಮೊದಲ ಲಕ್ಷಣ. ಬಾಯಿ, ಗಂಟಲು, ಅನ್ನನಾಳದವರೆಗೂ ಬೆಳ್ಳಗೆ ಬೂಷ್ಟು ಹಿಡಿದಿರುತ್ತದೆ. ಖಡಕ್ ರೊಟ್ಟಿ ಬಿಟ್ಟು ಮೆತ್ತನ ರೊಟ್ಟಿ, ಅದನ್ನು ಬಿಟ್ಟು ಅಂಬಲಿ, ಅಂಬಲಿಯೂ ಇಳಿಯದಾದಾಗ ದವಾಖಾನೆ. ಇದಕ್ಕೆ ಫ್ಲುಕೊನಜೋಲ್ ಎಂಬ ಗುಳಿಗೆ ಇದೆ. ಕೆಲವೇ ದಿನಕ್ಕೆ ಉಣ್ಣುತ್ತಾರೆ. ಉಂಡವರು ಮೊದಲು ಕೇಳುವುದು ಉಳ್ಳಾಗಡ್ಡಿ, ಶೇಂಗಾ ಚಟ್ನಿ. ಆ ದಿನ ನಮ್ಮ ಕೆಲಸ ಹಗುರ. ಇನ್ನು ಕೆಲವರಿಗೆ ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಸಾಲದು, ಪುಪ್ಪುಸದೊಳಗೆ ಬೇರೊಂದು ಬೂಷ್ಟು. ಇದನ್ನು ಮೊದಲೇ ತಡೆಯಲು ಅಗ್ಗದ ಕೋಟ್ರೈಮೊಕ್ಸಜೋಲ್ ಸಾಕಿತ್ತು. ಕೆಲವರಿಗೆ ಅರ್ಧ ಮೈ ಬಿದ್ದಿರುತ್ತದೆ. ಮೆದುಳಲ್ಲಿ ಟಾಕ್ಸೊಪ್ಲಾಸ್ಮಾ ಕೂತದ್ದು ಗೊತ್ತಾಗದೆ ಮನೆಯವರು ಲಕ್ವಾ ಎಂದುಕೊಂಡು ಎಣ್ಣೆ ತಿಕ್ಕಿಸಿ, ನಾಟಿ ಔಷಧಿ ಕುಡಿಸಿ, ತಿಂಗಳು ಕಳೆದಿರುತ್ತಾರೆ. ಎಲ್ಲಕ್ಕಿಂತ ಹೆಚ್ಚು ಜನರನ್ನು ಒಯ್ಯುವುದು ಟಿಬಿ. ಜಗತ್ತಿನಾದ್ಯಂತ ಎಚ್‌ಐವಿ ಇರುವವರ ಸಾವಿಗೆ ಮೊದಲ ಕಾರಣ ಅದೇ.

ಇವೆಲ್ಲ ಒಳಗೆ ಬರುವುದು ಬೇಲಿ ಬಿದ್ದ ಮೇಲೆ. ರಕ್ತದಲ್ಲಿ ಸಿಡಿ4 ಎಂಬ ಕಣಗಳಿವೆ. ಚೆನ್ನಾಗಿರುವವರಿಗೆ 500ಕ್ಕೂ ಮೇಲೆ, 200ಕ್ಕಿಂತ ಕೆಳಗೆ ಇಳಿದರೆ ಮುಂದುವರಿದ ಹಂತ ಅನ್ನುತ್ತಾರೆ. ನಮ್ಮ ಮುಂದೆ ಮಲಗಿದವರ ಚೀಟಿಯಲ್ಲಿ 40 ಇರುತ್ತದೆ, 11 ಇರುತ್ತದೆ. ಶೇಂಗಾ ಹೊಲಕ್ಕೆ ಬೇಲಿ ಇಲ್ಲದಿದ್ದರೆ ಹಂದಿ ಬರುತ್ತವೆ, ಹಂದಿಯ ಮೇಲಷ್ಟೇ ಸಿಟ್ಟಾಗಿ ಏನು ಮಾಡೂದು, ಬೇಲಿ ಕಟ್ಟಬೇಕು ಎಂದು ಹೇಳುತ್ತೇವೆ. ತಿಳಿಯುತ್ತದೆ. ಎಬಿಸಿಡಿ ಬರದವರಿಗೂ ತಿಳಿಯುತ್ತದೆ. ತಿಳಿಯದಿರುವುದು ಚೀಟಿಯನ್ನು ಮಂಚದ ಮೇಲೆ ಎಸೆದು ಹೋಗುವವರ ಭಾಷೆ.

ತಡವಾಗಿ ಬರುವುದಕ್ಕೆ ಅಜ್ಞಾನ ಕಾರಣ ಎಂದು ವರದಿಗಳಲ್ಲಿ ಬರೆಯುತ್ತಾರೆ. ನಾವು ಒಪ್ಪುವುದಿಲ್ಲ. ವಾರ್ಡಿಗೆ ಬಂದವರಲ್ಲಿ ಎಷ್ಟೋ ಮಂದಿಗೆ ತಮಗೇನಿದೆಯೆಂದು ವರ್ಷಗಳ ಹಿಂದೆಯೇ ಗೊತ್ತಿತ್ತು. ಗುಳಿಗೆ ಶುರುಮಾಡಿ ಬಿಟ್ಟವರು ಅವರು. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಗವಿಮಠದ ಜಾತ್ರೆ ಮುಗಿದು ಬಿಳಿಜೋಳ ಮನೆಗೆ ಬಂದರೆ ಊರು ಅರ್ಧ ಖಾಲಿ. ಮಂಗಳೂರು, ಗೋವಾ, ಪುಣೆ, ಬೆಂಗಳೂರು. ಗುಳೆ ಹೋದಲ್ಲಿ ಮೇಸ್ತ್ರಿ ರಜೆ ಕೊಡುವುದಿಲ್ಲ. ತಗಡಿನ ಶೆಡ್ಡಿನಲ್ಲಿ ಹನ್ನೆರಡು ಮಂದಿ ಮಲಗಿರುವಾಗ ಡಬ್ಬಿ ತೆಗೆಯುವುದು ಹೇಗೆ? ಊರಲ್ಲೇ ಇದ್ದರೂ ಎಆರ್‌ಟಿ ಕೋಣೆಯ ಮುಂದಿನ ಸಾಲಿನಲ್ಲಿ ನಿಂತರೆ ಊರಿನ ಯಾರೋ ನೋಡುತ್ತಾರೆ. ಒಂದು ದಿನದ ಕೂಲಿ ಹೋಗುತ್ತದೆ. ಮೈ ಹಗುರಾದರೆ ಗುಳಿಗೆ ಯಾಕೆ ಬೇಕು ಅನಿಸುತ್ತದೆ, ಇದು ನಮಗೂ ನಿಮಗೂ ಅನಿಸುವುದೇ. ಗುಳಿಗೆ ಬಿಟ್ಟವರನ್ನು ದವಾಖಾನೆಯಲ್ಲಿ ಎಲ್ಲರೂ ಬೈಯುತ್ತಾರೆ. ಬೈಗುಳಕ್ಕೆ ಅಂಜಿ ಮತ್ತೆ ಎರಡು ವರ್ಷ ಬರುವುದಿಲ್ಲ. ಆಮೇಲೆ ಟಂಟಂ. ಅದಕ್ಕೇ ನಾವು ನಮ್ಮೊಳಗೆ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಬಿಟ್ಟು ಬಂದವರಿಗೆ ಮೊದಲ ಮಾತು 'ಬಂದಿ ನೋಡು, ಚಲೋ ಆತು.'

ಒಬ್ಬ ಅವ್ವನ ಮಾತು ಹೇಳುತ್ತೇವೆ. ಗಂಗಾವತಿ ಕಡೆಯಾಕೆ, ಭತ್ತ ನಾಟಿ ಮಾಡಿ ಬದುಕಿದಾಕೆ, ಐವತ್ತರ ಆಸುಪಾಸು. ಹುಡುಗಿಯಾಗಿದ್ದಾಗ ಕೊರಳಿಗೆ ಮುತ್ತು ಕಟ್ಟಿದ್ದರು. ಎರಡು ವಾರದಿಂದ ತಲೆನೋವು. 'ತಲಿಯೊಳಗ ಒನಕಿ ಹಾಕಿ ಕುಟ್ಟಿದಂಗ' ಎಂದು ಮಗಳು ಹೇಳಿದಳು. ಬೆಳಕು ಕಂಡರೆ ಆಗುತ್ತಿರಲಿಲ್ಲ, ವಾಂತಿ, ಒಮ್ಮೊಮ್ಮೆ ಮಗಳ ಗುರುತೂ ಹತ್ತುತ್ತಿರಲಿಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಪ್ಟೊಕಾಕಸ್ ಎಂದು ಬಂತು. ಮಣ್ಣಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಇರುವ ಬೂಷ್ಟು, ಉಸಿರಲ್ಲಿ ಎಲ್ಲರಿಗೂ ಹೋಗುತ್ತದೆ, ಬೇಲಿ ಇಲ್ಲದವರ ಮೆದುಳಿನ ಪೊರೆಗೆ ಏರುತ್ತದೆ. ಬೆನ್ನುಹುರಿಯ ಹತ್ತಿರ ಸೂಜಿ ಹಾಕಿ ನೀರು ತೆಗೆಯಬೇಕು. ಪರೀಕ್ಷೆಗೆ ಮಾತ್ರವಲ್ಲ, ತಲೆಯೊಳಗಿನ ಒತ್ತಡ ಇಳಿಸಲಿಕ್ಕೂ ಅದೇ ದಾರಿ, ಒತ್ತಡ ಇಳಿಯದಿದ್ದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ.

ಮಗಳು ಒಲ್ಲೆ ಅಂದಳು. 'ಬೆನ್ನಾಗಿನ ನೀರು ತಗದ್ರ ಲಕ್ವಾ ಹೊಡಿತೈತಂತ, ಎಲ್ಲಾರೂ ಅಂತಾರ.' ಇದು ನಮ್ಮ ನಾಲ್ಕೂ ತಾಲೂಕಿನಲ್ಲಿ ಇರುವ ಅಂಜಿಕೆ. ಕೊನೆ ಗಳಿಗೆಯಲ್ಲಿ ಸೂಜಿ ಹಾಕಿ, ರೋಗಿ ಸತ್ತು, ಸೂಜಿಯೇ ಕೊಂದಿತೆಂದು ಊರಿಗೆ ಸುದ್ದಿ ಹೋಗಿರುತ್ತದೆ. ಡಾಕ್ಟರು ಸಹಿ ಮಾಡು ಎಂದು ಹಾಳೆ ಕೊಟ್ಟು ಹೋದರು. ನಾವು ಹಾಳೆ ಪಕ್ಕಕ್ಕಿಟ್ಟು ಡ್ಯಾಮಿನ ಮಾತು ತೆಗೆದೆವು. 'ಮುನಿರಾಬಾದ್ ಡ್ಯಾಮ್ ತುಂಬಿದ್ರ ಏನ್ಮಾಡ್ತಾರವ್ವಾ? ಗೇಟ್ ತಗೀತಾರ. ತಗೀದಿದ್ರ?' ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಗೇಟ್ ಕಿತ್ಗೊಂಡು ಹೋದ್ರ?' ಅಂದಳು. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಕೊಂಡು ಹೋದ ಮೇಲೆ ನಮ್ಮ ಈ ಉಪಮೆಗೆ ಕುತ್ತು ಬಂದಿದೆ. ಭತ್ತದ ಸೀಮೆಯವರಿಗೆ ಗೇಟ್ ಅಂದರೆ ಈಗ ಎದೆ ಧಸ್ ಅನ್ನುತ್ತದೆ. ನಾವೂ ನಕ್ಕೆವು, ಅವಳೂ ನಕ್ಕಳು. ನಕ್ಕ ಮೇಲೆ ಮಾತು ಸಲೀಸಾಯಿತು. ಸೂಜಿ ಎಲ್ಲಿ ಹೋಗುತ್ತದೆ, ಹುರಿ ಎಲ್ಲಿಗೆ ಮುಗಿಯುತ್ತದೆ, ಸೂಜಿ ಅದಕ್ಕಿಂತ ಕೆಳಗೆ ಯಾಕೆ ಹಾಕುತ್ತಾರೆ ಎಂದು ನಮ್ಮದೇ ಬೆನ್ನು ತೋರಿಸಿ ಹೇಳಿದೆವು. ಸಹಿ ಬರದಾಕೆ ಹೆಬ್ಬೆಟ್ಟು ಒತ್ತಿದಳು. ನೀರು ತೆಗೆದ ಸಂಜೆ ಅವ್ವ ಕಣ್ಣುಬಿಟ್ಟು ಮಗಳ ಹೆಸರು ಕರೆದಳು. ಮರುದಿನ ಮತ್ತೆ ತೆಗೆಯಬೇಕಾಯಿತು, ಮತ್ತೊಂದು ದಿನವೂ. ಆಗ ಒಲ್ಲೆ ಅನ್ನಲಿಲ್ಲ.

ಆಂಫೊಟೆರಿಸಿನ್ ಹನಿಹನಿಯಾಗಿ ಏರುವಾಗ ಚಳಿಜ್ವರ ಬಂದು ಮಂಚ ಅಲುಗಾಡುತ್ತದೆ. ಇದನ್ನು ಹಿಂದಿನ ದಿನವೇ ಹೇಳಿಡಬೇಕು. ಹೇಳದಿದ್ದರೆ ಮನೆಯವರು ವಿಷ ಏರಿಸಿದರೆಂದು ಸೂಜಿ ಕಿತ್ತು ರಾತ್ರಿಯೇ ಹೊತ್ತುಕೊಂಡು ಹೋಗುತ್ತಾರೆ. ಟಿಬಿ ಗುಳಿಗೆಯಲ್ಲೂ ಇದೇ ಕಥೆ. ರಿಫಾಂಪಿಸಿನ್ ನುಂಗಿದರೆ ಉಚ್ಚೆ ಕೆಂಪಗಾಗುತ್ತದೆ. ಒಂದು ವಾಕ್ಯ ಮೊದಲೇ ಹೇಳಿದ್ದರೆ ಸಾಕು. ಹೇಳದೆ ಇದ್ದುದಕ್ಕೆ ರಕ್ತ ಹೋಗುತ್ತಿದೆಯೆಂದು ಗುಳಿಗೆ ಹಳ್ಳಕ್ಕೆ ಎಸೆದವರನ್ನು ನಾವು ಬಲ್ಲೆವು. ಕವಿಗೋಷ್ಠಿಗಳಲ್ಲಿ ಶಬ್ದದ ಶಕ್ತಿಯ ಬಗ್ಗೆ ಬಹಳ ಭಾಷಣ ಕೇಳಿದ್ದೇವೆ. ಈ ಒಂದು ವಾಕ್ಯದ ಮುಂದೆ ಅವೆಲ್ಲ ಸಪ್ಪೆ ಅನಿಸುತ್ತವೆ.

ಆ ಅವ್ವ ಎರಡನೇ ವಾರಕ್ಕೆ ಎದ್ದು ಕೂತಳು. ಕೂತವಳೇ ನಮ್ಮನ್ನು ಹತ್ತಿರ ಕರೆದು ಸಣ್ಣ ದನಿಯಲ್ಲಿ ಕೇಳಿದಳು. 'ತಮ್ಮಾ, ಆ ಕಡೆ ಮಂಚದಾಕಿಗೆ ಬಂದ ಮೂರನೇ ದಿನಕ್ಕ ಗುಳಿಗಿ ಶುರು ಮಾಡ್ಯಾರ. ನಂಗ ಇನ್ನೂ ಇಲ್ಲ. ಕೇಳಿದ್ರ ತಡಿ ಅಂತಾರ. ಆಕಿ ಗೌಡ್ರ ಪೈಕಿ. ನಾ ಇಂಥಾಕಿ ಅಂತ ಗೊತ್ತಾಗೈತೇನು?'

ಈ ಪ್ರಶ್ನೆಗೆ ವೈದ್ಯಕೀಯ ಉತ್ತರ ಇದೆ. ಬೇರೆಯವರಿಗೆ ಎಆರ್‌ಟಿ ಕೂಡಲೇ ಶುರುಮಾಡುತ್ತಾರೆ, ಟಿಬಿ ಇದ್ದರೂ ಸಾಮಾನ್ಯವಾಗಿ ಎರಡು ವಾರದೊಳಗೆ. ಮೆದುಳಿನ ಪೊರೆಯಲ್ಲಿ ಕ್ರಿಪ್ಟೊಕಾಕಸ್ ಇದ್ದವರಿಗೆ ಮಾತ್ರ ನಾಲ್ಕರಿಂದ ಆರು ವಾರ ತಡೆಯಬೇಕು. ಗುಳಿಗೆ ಬಿದ್ದೊಡನೆ ಮೈಯ ಕಾವಲು ಎದ್ದು, ಬೂಷ್ಟಿನ ಮೇಲೆ ಬಿದ್ದು, ಆ ಬಡಿದಾಟದಲ್ಲಿ ಮೆದುಳು ಊದಿಕೊಂಡು ಜೀವ ಹೋಗಬಹುದು. ಬೇಗ ಕೊಟ್ಟವರಲ್ಲಿ ಸಾವು ಹೆಚ್ಚೆಂದು ಆಫ್ರಿಕಾದಲ್ಲಿ ನಡೆದ ಅಧ್ಯಯನಗಳಿಂದಲೇ ಗೊತ್ತಾಗಿದೆ. ಉತ್ತರ ಸರಿಯಾಗಿಯೇ ಇದೆ. ಆದರೆ ಪ್ರಶ್ನೆಯೂ ತಪ್ಪಿರಲಿಲ್ಲ. 'ತಡಿ' ಎಂಬ ಮಾತನ್ನು ಆಕೆ ಹುಟ್ಟಿದಾಗಿನಿಂದ ಕೇಳಿದ್ದಾಳೆ. ಬಾವಿಯ ಹತ್ತಿರ ತಡಿ, ರೇಷನ್ ಅಂಗಡಿಯಲ್ಲಿ ತಡಿ, ಕೂಲಿ ಬಟವಾಡೆಯಲ್ಲಿ ತಡಿ. ಐವತ್ತು ವರ್ಷದಲ್ಲಿ ಒಂದು ಸಲವೂ ಆ ತಡಿ ಆಕೆಯ ಒಳ್ಳೆಯದಕ್ಕೆ ಇರಲಿಲ್ಲ. ಈಗ ಈ ಒಂದು ತಡಿ ಮಾತ್ರ ಒಳ್ಳೆಯದಕ್ಕೆ ಎಂದು ನಂಬು ಅಂದರೆ ಯಾವ ಧೈರ್ಯದ ಮೇಲೆ ನಂಬಬೇಕು?

'ಜಾತಿ ನೋಡಿಲ್ಲವ್ವಾ, ಹಂಗೆಲ್ಲಾ ಇರಂಗಿಲ್ಲ' ಅಂದುಬಿಡುವುದು ಸುಲಭವಿತ್ತು. ಅನ್ನಲಿಲ್ಲ. ಹಂಗೆಲ್ಲಾ ಇರತೈತಿ ಎಂದು ನಮಗೂ ಗೊತ್ತು, ಆಕೆಗೂ ಗೊತ್ತು. ಮೊದಲು ನಾವು ಯಾವ ಕೇರಿಯವರೆಂದು ಹೇಳಿದೆವು. ಆಕೆ ನಮ್ಮ ಮುಖವನ್ನು ಹೊಸದಾಗಿ ನೋಡಿದಳು. ಆಮೇಲೆ ಹೇಳಿದೆವು: 'ನಿನ್ನ ತಲಿ ಒಂದು ಸಣ್ಣ ಗುಡಿಸಲು. ಒಳಗ ಕಳ್ಳ ಕುಂತಾನ. ಕಾವಲಿನವ ಮಲಗ್ಯಾನ. ಈಗ್ಲೇ ಅವನ್ನ ಎಬ್ಬಿಸಿದ್ರ, ಕತ್ತಲದಾಗ ದೊಣ್ಣಿ ಬೀಸ್ತಾನ, ಕಳ್ಳಗ ಎಷ್ಟು ಬೀಳತೈತೋ ಗಡಿಗಿ ಮಡಕಿಗೂ ಅಷ್ಟೇ ಬೀಳತೈತಿ. ಮೊದ್ಲು ಸಲಾಯಿನ್ ಔಷಧದಿಂದ ಕಳ್ಳನ್ನ ಅರ್ಧ ಹೊರಗ ಹಾಕೂಣು. ಆಮೇಲೆ ಎಬ್ಬಿಸೂಣು.' ಕ್ಯಾಲೆಂಡರ್ ತೆಗೆದು ದಿನ ಗುರುತು ಹಾಕಿದೆವು. ಆ ದಿನ ನಾವೇ ಇದ್ದು ಮೊದಲ ಗುಳಿಗೆ ಕೈಯಲ್ಲಿಡುತ್ತೇವೆ ಅಂದೆವು. ಆಕೆ ಒಪ್ಪಿದಳೋ, ನಮ್ಮ ಕೇರಿಗೆ ಮಣೆ ಹಾಕಿದಳೋ ಹೇಳಲಾರೆವು. ಗುರುತು ಹಾಕಿದ ದಿನ ಬಂದಳು, ಗುಳಿಗೆ ನುಂಗಿದಳು.

ಮುತ್ತು ಕಟ್ಟುವ ಮಾತು ಬಂತು. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದು. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ಅವ್ವಂದಿರ ಹೆಸರು ಬರೆದುಕೊಂಡರು, ಬಹುಪಾಲು ನಮ್ಮ ಕೇರಿಗಳ ಹೆಸರು. ಜಡ್ಡು ಹರಡಿತೆಂದು ಅವರ ಬೆನ್ನಿಗೇ ಬಿದ್ದರು. ರಾತ್ರಿ ಅವರ ಬಾಗಿಲಿಗೆ ಬಂದವರ ಸಮೀಕ್ಷೆ ಇವತ್ತಿಗೂ ಆಗಿಲ್ಲ.

ಇನ್ನೊಬ್ಬ ಯಲಬುರ್ಗಾ ಕಡೆಯ ಅಣ್ಣ. ಗೋವಾದಲ್ಲಿ ಗಾರೆ ಕೆಲಸ. ಕೊರಳಲ್ಲಿ ಗಡ್ಡೆ, ಹೊಟ್ಟೆಯಲ್ಲಿ ನೀರು, ಜ್ವರ, ಕೈಕಾಲು ಕಡ್ಡಿ. ಕಫದಲ್ಲಿ ಏನೂ ಸಿಗಲಿಲ್ಲ. ಎಚ್‌ಐವಿ ಬಹಳ ಮುಂದುವರಿದವರ ಟಿಬಿ ಪುಪ್ಪುಸ ಬಿಟ್ಟು ಮೈಯ ತುಂಬ ಅಡಗಿರುತ್ತದೆ, ಕೆಲವೊಮ್ಮೆ ಉಚ್ಚೆಯ ಪರೀಕ್ಷೆಯಲ್ಲಿ ಸಿಗುತ್ತದೆ, ಇವನದು ಹಾಗೆ ಸಿಕ್ಕಿತು. ಟಿಬಿ ಗುಳಿಗೆ ಶುರುವಾಯಿತು. ಜೊತೆಗೆ ಎಆರ್‌ಟಿ, ರಿಫಾಂಪಿಸಿನ್ ಇರುವವರೆಗೆ ಡೊಲುಟೆಗ್ರಾವಿರ್ ಎರಡು ಹೊತ್ತು. ಟಿಬಿ ರೋಗಿಗೆ ತಿಂಗಳಿಗೆ ಸಾವಿರ ರೂಪಾಯಿ ಊಟದ ಹಣ, 2018ರಲ್ಲಿ ಐನೂರು ಇದ್ದದ್ದು 2024ರ ನವೆಂಬರಿನಿಂದ ಸಾವಿರ. ಬ್ಯಾಂಕಿನ ಪುಸ್ತಕ, ಆಧಾರ್, ಇದೆಲ್ಲ ಓಡಾಟ ನಾವು ಮಾಡಿದೆವು. ಒಂದೇ ಒಂದು ಕೆಲಸ ಅವನೇ ಮಾಡಬೇಕಿತ್ತು. ಹೆಂಡತಿಗೆ ಹೇಳಬೇಕಿತ್ತು.

ಹೆಂಡತಿ ದಿನವೂ ಮಂಚದ ಕಾಲ ಹತ್ತಿರ ಕೂತು ಅವನ ಅಂಗಾಲು ತಿಕ್ಕುತ್ತಿದ್ದಳು. ಟಿಬಿ ಎಂದಷ್ಟೇ ಗೊತ್ತಿತ್ತು. 'ಹೇಳಿದ್ರ ತವರಿಗೆ ಹೋಕ್ಕಾಳ್ರಿ, ಮಕ್ಕಳು ಬೀದಿಪಾಲು' ಎಂದು ಅವನು ಗೋಡೆಗೆ ಮುಖ ತಿರುಗಿಸುತ್ತಿದ್ದ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವುದು, ಅವನ ಒಪ್ಪಿಗೆ ಇಲ್ಲದೆ ಯಾರಿಗೂ ಹೇಳಬಾರದೆನ್ನುತ್ತದೆ. ಅದೇ ಕಾಯ್ದೆ, ಸಂಗಾತಿಗೆ ಅಪಾಯವಿದ್ದು, ತಿಳಿಹೇಳಿದರೂ ಅವನು ಹೇಳುವುದಿಲ್ಲವೆಂದು ಖಾತ್ರಿಯಾದರೆ, ಅವನಿಗೆ ಮೊದಲೇ ತಿಳಿಸಿ, ಡಾಕ್ಟರು ಅಥವಾ ಸಮಾಲೋಚಕರು ಸಂಗಾತಿಗೆ ಎದುರು ಕೂತು ಹೇಳಬಹುದು ಎಂದೂ ಅನ್ನುತ್ತದೆ. ಹೇಳಿದರೆ ಹೆಣ್ಣಿಗೆ ಹೊಡೆತ ಬೀಳುವ ಅಂಜಿಕೆ ಇದ್ದಲ್ಲಿ ಅವಳಿಗೆ ರಕ್ಷಣೆಯನ್ನೂ ಇಟ್ಟಿದೆ. ಕಾನೂನು ಓದಲು ಚೆನ್ನಾಗಿದೆ. ಆದರೆ ನಾವೇ ಹೇಳಿಬಿಟ್ಟರೆ ಅವನು ಮತ್ತೆ ಈ ದವಾಖಾನೆಯ ಮೆಟ್ಟಿಲು ಹತ್ತುವನೇ? ಹೇಳದಿದ್ದರೆ ಆಕೆಯ ಮೈಯೊಳಗಿನ ಬೇಲಿಯನ್ನು ನೋಡುವವರು ಯಾರು? ಇದರ ಮೇಲೆ ನಮ್ಮ ನಮ್ಮಲ್ಲೇ ಎರಡು ರಾತ್ರಿ ಜಗಳ. ನಮ್ಮಲ್ಲಿನ ಹೆಣ್ಣುಮಗಳು, 'ಗಂಡಸರ ಗುಟ್ಟು ಕಾಯೋದನ್ನೇ ಮಾನವೀಯತೆ ಅಂತೀರಲ್ಲ' ಎಂದು ಎದ್ದು ಹೋದಳು. ಆಕೆ ಹೇಳಿದ್ದು ನಿಜ. ಮರುದಿನ ಆಕೆಯೇ ಅವನ ಹತ್ತಿರ ಕೂತಳು. 'ಅಣ್ಣಾ, ಹತ್ತು ದಿನ ಕೊಡ್ತೀವಿ. ನೀ ಹೇಳಾಕ ಬರಲಿಲ್ಲಂದ್ರ ನಿನ್ನ ಮುಂದನ ನಾವು ಹೇಳ್ತೀವಿ. ಕಳ್ಳತನದಿಂದ ಹೇಳಂಗಿಲ್ಲ.'

ಒಂಬತ್ತನೇ ದಿನ ಅವನು ನಮ್ಮನ್ನು ಕರೆಸಿ, ಹೆಂಡತಿಯನ್ನು ಕರೆಸಿ, ಚಾದರ ಮೇಲೆಳೆದುಕೊಂಡು ಅದರೊಳಗಿನಿಂದ ಹೇಳಿದ. ಆಕೆ ಬಹಳ ಹೊತ್ತು ಚಾದರವನ್ನೇ ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಕಡೆಗೆ ನಮ್ಮ ಕಡೆ ತಿರುಗಿ, 'ಹುಡುಗ್ರನ್ನ ಯಾವತ್ತು ಕರಕೊಂಡು ಬರ್ಲಿ, ರಕ್ತ ತಗಿಯಾಕ?' ಎಂದು ಕೇಳಿದಳು. ಆ ರಾತ್ರಿ ಊರಿಗೆ ಹೋದಳು, ಮೂರನೇ ದಿನ ಮಕ್ಕಳೊಂದಿಗೆ ಬಂದಳು. ಅವಳ ರಕ್ತದ ವರದಿ ಏನು ಬಂತೆಂದು ಇಲ್ಲಿ ಬರೆಯುವುದಿಲ್ಲ. ಅದು ಅವಳದು.

ಈಗ ಹೇಳಬೇಕಾದ ಮಾತು ನಮ್ಮವರಿಗೇ ಹಿಡಿಸುವುದಿಲ್ಲ.

ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲುಗಳಿಗೆ ನಮ್ಮನ್ನು ಬಿಟ್ಟುಕೊಳ್ಳದ ಜಗಳ ಬೆಳೆದು 2014ರಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಎರಡು ವರ್ಷದ ನಮ್ಮ ಕೂಸು ಗುಡಿಯೊಳಗೆ ಓಡಿತೆಂದು ಶುದ್ಧೀಕರಣಕ್ಕೆ 25 ಸಾವಿರ ದಂಡ ಕೇಳಿದರು. ಇವಕ್ಕೆಲ್ಲ ನಾವು ಮೆರವಣಿಗೆ ಹೋದವರು, ಘೋಷಣೆ ಬರೆದವರು. ಅದೇ ನಮ್ಮ ಕೇರಿಯಲ್ಲಿ, ಎರಡು ಲೋಟದ ಪದ್ಧತಿ ವಿರುದ್ಧ ಕೂಗಿದವರ ಮನೆಯಲ್ಲಿ, ಸೋಂಕಿದ ಸೊಸೆಗೆ ತಾಟು ಬೇರೆ, ಲೋಟ ಬೇರೆ, ಮಲಗಲು ದನದ ಕೊಟ್ಟಿಗೆ. ನಾವು ಕಣ್ಣಾರೆ ಕಂಡದ್ದು. ಕೇಳಿದರೆ 'ಅದು ಬ್ಯಾರೆ, ಇದು ಬ್ಯಾರೆ' ಅಂದರು. ಮೇಲ್ಜಾತಿಯವನೂ ಇದನ್ನೇ ಅನ್ನುತ್ತಾನೆ. ಉಂಡ ತಾಟಿನಿಂದ, ಕುಡಿದ ಲೋಟದಿಂದ, ಮುಟ್ಟಿದ ಕೈಯಿಂದ ಈ ಸೋಂಕು ಬರುವುದಿಲ್ಲ. ಇದು ಎಲ್ಲರಿಗೂ ಪಾಠವಾಗಿ ಗೊತ್ತು. ಮುಟ್ಟಿದರೆ ಮೈಲಿಗೆ ಎಂಬುದನ್ನು ಮೂರು ಸಾವಿರ ವರ್ಷ ನಮ್ಮ ಮೈಮೇಲೆ ಬರೆದಿದ್ದಾರೆ, ಅದು ಯಾವ ಪಾಠಕ್ಕೂ ಮೊದಲು ಎದ್ದು ನಿಲ್ಲುತ್ತದೆ. ನಮಗೆ ಅಕ್ಷರ ಸಿಕ್ಕಿದ್ದರಿಂದ ಅದನ್ನು ಓದಲು ಬಂತು ಅಷ್ಟೆ, ಕೇರಿಯವರಿಗೆ ಓದಿ ಹೇಳುವ ಕೆಲಸ ಬಾಕಿ ಇದೆ. ಒಂದು ಆಸ್ಪತ್ರೆಯಲ್ಲಿ ಫೈಲಿನ ಮೇಲೆ ಕೆಂಪು ಅಕ್ಷರದಲ್ಲಿ ಗುರುತು ಹಾಕಿ ಮಂಚಕ್ಕೆ ತೂಗುಬಿಟ್ಟಿದ್ದರು. ಕಾಯ್ದೆಯ ಪುಟ ತೆಗೆದು ತೋರಿಸಿ ಅದನ್ನು ತೆಗೆಸಿದೆವು. ದನದ ಕೊಟ್ಟಿಗೆಯಿಂದ ಸೊಸೆಯನ್ನು ಒಳಗೆ ಕರೆಸಲು ಕಾಯ್ದೆಯ ಪುಟ ಸಾಲಲಿಲ್ಲ. ಆ ಮನೆಯಲ್ಲಿ ನಾವು ನಾಲ್ಕು ಮಂದಿ ಕೂತು, ಅವಳ ತಾಟಿನಲ್ಲೇ ಕೈಹಾಕಿ ರೊಟ್ಟಿ ಮುರಿದು ಉಂಡೆವು. ಮೂರು ಭಾನುವಾರ ಉಂಡೆವು. ನಾಲ್ಕನೆಯದಕ್ಕೆ ಮಾವನೇ ಅವಳನ್ನು ಪಡಸಾಲೆಗೆ ಕರೆದ. ಹಳ್ಳಿ ಮಾಸ್ತರರು ಇದನ್ನು ಓದುತ್ತಿದ್ದರೆ ಒಂದು ಮಾತು: ಅಂಥ ಮನೆಯ ಕೂಸು ನಿಮ್ಮ ಶಾಲೆಯಲ್ಲಿದ್ದರೆ ಕಾರಣ ಕೇಳಬೇಡಿ, ಬಿಸಿಯೂಟದ ಸಾಲಿನಲ್ಲಿ ಅದರ ಪಕ್ಕ ನೀವೇ ಕೂತು ಉಣ್ಣಿರಿ.

ಎಲ್ಲರೂ ಉಳಿಯುವುದಿಲ್ಲ. 11 ಎಂದು ಚೀಟಿ ಬಂದವರನ್ನು ಔಷಧವೂ ಮಾತೂ ಹಿಡಿದಿಡಲಾರದ ದಿನಗಳಿವೆ. ಆಗ 'ಏನೂ ಆಗಂಗಿಲ್ಲ' ಎಂದು ಹೇಳುವುದನ್ನು ನಾವು ಬಿಟ್ಟಿದ್ದೇವೆ. ಸಾಯುವವರಿಗೆ ಸುಳ್ಳು ಬಹಳ ಬೇಗ ಗೊತ್ತಾಗುತ್ತದೆ. 'ಯಾರನ್ನ ಕರಸ್ಲಿ?' ಎಂದು ಕೇಳುತ್ತೇವೆ. ಒಬ್ಬ ಹುಡುಗ ಯಾರೂ ಬ್ಯಾಡ, ನಮ್ಮ ಎಮ್ಮಿ ಹೆಂಗೈತಿ ಕೇಳ್ರಿ ಅಂದ. ಫೋನು ಮಾಡಿ ಕೇಳಿ ಹೇಳಿದೆವು: ಗಬ್ಬ ಆಗೈತಂತ. ಇನ್ನೊಬ್ಬಾಕೆಗೆ ತನ್ನನ್ನು ಸುಡಬಾರದು, ಕೇರಿಯ ಮಸಣದಲ್ಲೇ ತಾಯಿಯ ಹತ್ತಿರ ಹೂಳಬೇಕೆಂಬ ಚಿಂತೆ. ಹೂಳುವುದರಿಂದ ಯಾರಿಗೂ ಅಪಾಯವಿಲ್ಲವೆಂದು ಊರ ಹಿರಿಯರಿಗೆ ಹೇಳಿ ಒಪ್ಪಿಸಲು ಆಕೆ ಬದುಕಿರುವಾಗಲೇ ಹೋದೆವು. ಬಂದು ಒಪ್ಪಿದರೆಂದು ಹೇಳಿದ ಮೇಲೆ ಆಕೆ ನಿದ್ದೆ ಮಾಡಿದಳು. ಇಂಥ ರಾತ್ರಿಗಳ ಮೇಲೆ ಕವಿತೆ ಬರೆಯಿರೆಂದು ಸಂಪಾದಕರು ಕೇಳಿದ್ದರು. ಬರೆಯಲು ಕೂತರೆ ಬರುವುದು ಫೋನ್ ನಂಬರು, ಬಸ್ಸಿನ ವೇಳೆ, ಗುಳಿಗೆಯ ಎಣಿಕೆ. ಅದಕ್ಕೇ ಗದ್ಯ.

ಈಗ ಮತ್ತೆ ಗುಳೆಯ ಕಾಲ. ಸಂಜೆ ಕುಷ್ಟಗಿ, ಯಲಬುರ್ಗಾ ಬಸ್‌ಸ್ಟ್ಯಾಂಡಿಗೆ ಹೋಗುತ್ತೇವೆ. ನಮ್ಮ ಕೈಯಲ್ಲಿ ಮಂಗಳೂರು, ಗೋವಾ, ಪುಣೆಯ ಎಆರ್‌ಟಿ ಕೇಂದ್ರಗಳ ವಿಳಾಸದ ಚೀಟಿ, ಪುಕ್ಕಟೆ ಮಾತಾಡಬಹುದಾದ 1097 ನಂಬರು. ಹೋಗುವ ಮೊದಲೇ ಕೇಂದ್ರಕ್ಕೆ ಬಂದು ಕೇಳಿದರೆ, ಮೈ ನೆಟ್ಟಗಿರುವವರಿಗೆ ಎರಡು ಮೂರು ತಿಂಗಳ ಗುಳಿಗೆಯನ್ನು ಒಟ್ಟಿಗೇ ಕೊಡುತ್ತಾರೆ, ಅದನ್ನೂ ಹೇಳುತ್ತೇವೆ. ಯಾರು ಯಾರೆಂದು ಗುರುತು ಸಿಗದ ಹಾಗೆ ಎಲ್ಲರಿಗೂ ಚೀಟಿ ಹಂಚುತ್ತೇವೆ. ಮೊನ್ನೆ ಮಂಗಳೂರಿನ ಬಸ್ಸು ಹತ್ತುವ ಮೊದಲು ಒಬ್ಬ ತಂಗಿ ಜನರಿಂದ ದೂರ ಕಂಬದ ಹಿಂದೆ ಕರೆದಳು. ಗುಳಿಗೆಯ ಡಬ್ಬಿಯ ಮೇಲಿನ ಚೀಟಿ ಕೆರೆದು ತೆಗೆದಿದ್ದಳು. ನಡೆದರೆ ಗಲಗಲ ಅನ್ನುತ್ತದೆಂದು ಒಳಗೆ ಹತ್ತಿ ತುರುಕಿದ್ದಳು. ತೇವ ಹೀರುವ ಸಣ್ಣ ಪೊಟ್ಟಣ ಎಸೆಯಬೇಡ ಅಂದೆವು. 'ಐತ್ರಿ, ಅದೂ ಐತಿ' ಎಂದು ಡಬ್ಬಿಯನ್ನು ನಮ್ಮ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಕಂಡಕ್ಟರ್ ಸೀಟಿ ಊದಿದ. ಸದ್ದೇನೂ ಬರುತ್ತಿಲ್ಲ ತಾನೇ ಎಂದು ಇನ್ನೊಂದು ಸಲ ಅಲ್ಲಾಡಿಸಿ ನೋಡಿ, ಸೊಂಟದ ಚೀಲಕ್ಕೆ ಸಿಕ್ಕಿಸಿಕೊಂಡು ಓಡಿದಳು.